ಹಾಡಿಗೆ ಹೇಳುವವರಾರು?

ಹೆಗ್ಗಡದೇವನಕೋಟೆ, ಹುಣಸೂರು ಸೀಮೆಯ ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತವ್ಯಾಧಿಯಿರುವುದು ಅಧಿಕಾರಿವರ್ಗದವರಿಗೆ ತಿಳಿಯದ ಸಂಗತಿಯೇನಲ್ಲ. ನೋಡಲು ಆರೋಗ್ಯವಂತರಾದ ಇಬ್ಬರು ವಾಹಕರು ದಂಪತಿಗಳಾದರೆ, ಹುಟ್ಟುವ ಪ್ರತಿಯೊಂದು ಶಿಶುವಿಗೂ ನಾಲ್ಕರಲ್ಲೊಂದು ಪಾಲು ಅಪಾಯವುಂಟು. ಈ ಮಾತನ್ನು ವಿವಾಹಕ್ಕೆ ಮುಂಚೆಯೇ ತಿಳಿಸಬೇಕಲ್ಲವೆ? ಕೇಂದ್ರ ಸರಕಾರದವರು ೨೦೨೩ರಲ್ಲಿ ಇದರ ನಿರ್ಮೂಲನದ ಕಾರ್ಯವನ್ನಾರಂಭಿಸಿ ೨೦೪೭ರ ಗಡುವನ್ನಿಟ್ಟುಕೊಂಡಿರುವರು. ಆದರೆ ಗೋಡೆಗಂಟಿಸಿದ ಕಾಗದವು ಜೇನುಕುರುಬರ ಮುದುಕಿಯೊಡನೆ ಮಾತನಾಡಲಾರದು. ಆಕೆಯ ಮೊಮ್ಮಗಳು ಮಾತನಾಡಬಲ್ಲಳು.

ಅದೇ ಸೀಮೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರ ಆಸ್ಪತ್ರೆಯುಂಟು. ೨೦೧೨ರಲ್ಲಿ ಅವರು ಆರಂಭಿಸಿದ ಜನಧ್ವನಿ ಬಾನುಲಿಯೂ ಉಂಟು. ಹತ್ತನೆಯ ತರಗತಿ ಮುಗಿಸಿದ ಹಾಡಿಯ ತರುಣತರುಣಿಯರನ್ನು ಒಂದು ವರ್ಷ ಇಂತಹ ಎಡೆಗಳಲ್ಲಿ ಉಮೇದುವಾರರನ್ನಾಗಿಟ್ಟು, ಆರೋಗ್ಯವಾರ್ತೆಯನ್ನು ತಮ್ಮವರ ನುಡಿಯಲ್ಲಿ ಹೇಳುವ ಕೆಲಸವನ್ನು ಕಲಿಸಬಾರದೇಕೆ? ತಿಂಗಳ ಭತ್ಯವನ್ನು ಆರೋಗ್ಯ ಇಲಾಖೆಯವರೇ ಕೊಡತಕ್ಕದ್ದು. ಸೇವೆಯೆಂಬ ಹೆಸರಿನಿಂದ ಅದನ್ನು ಉಳಿಸಹೊರಡುವುದು ಬೇಡ. ಕೊಡಗಿನ ತೋಟದ ಕೂಲಿಯನ್ನು ಬಿಟ್ಟು ಬರುವ ಹುಡುಗನು ಬಿಟ್ಟಿಗೆ ನಿಲ್ಲನು.