ಪಡ್ರೆಯ ನೀರಿಗೆ ಹೊಣೆಗಾರರು ಯಾರು?

ಅಪಾಯಕರವಾದ ಉದ್ಯಮವನ್ನು ಲಾಭಕ್ಕೋಸ್ಕರ ಕೈಕೊಳ್ಳುವವನು ಆ ಅಪಾಯದ ಹೊಣೆಯನ್ನೂ ಹೊರತಕ್ಕದ್ದೆಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಭೆಗಳಲ್ಲಿ ಎಲ್ಲರೂ ತಲೆದೂಗುವ ಈ ಮಾತು ಕೋರ್ಟಿನ ಮೆಟ್ಟಿಲನ್ನು ಹತ್ತಿದೊಡನೆ ಬೇರೊಂದು ರೂಪವನ್ನು ತಾಳುತ್ತದೆ. ಅಲ್ಲಿ ಕಂಪೆನಿಯು ತಾನು ನಿರ್ದೋಷಿಯೆಂದು ಸಾಧಿಸಬೇಕಾಗಿಲ್ಲ. ಕಾಯಿಲೆ ಬಿದ್ದವನೇ ತನ್ನ ಕಾಯಿಲೆಗೆ ಕಂಪೆನಿಯು ಕಾರಣವೆಂದು ಸಾಧಿಸಬೇಕು. ಈ ತಲೆಕೆಳಗಾದ ಕ್ರಮದ ಫಲವೇನೆಂಬುದನ್ನು ಅರಿಯಲು ಕನ್ನಡಿಗರು ಭೋಪಾಲದವರೆಗೆ ಹೋಗಬೇಕಾಗಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯೆಂಬ ನಮ್ಮ ಹಳ್ಳಿಯ ವೃತ್ತಾಂತವನ್ನು ಕೇಳಿದರೆ ಸಾಕು.

ಪಡ್ರೆಯ ಸುತ್ತಲಿನ ಗುಡ್ಡಗಳ ಮೇಲೆ ಕೇರಳ ಸರಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ನು ಗೇರು ತೋಟಗಳನ್ನು ಬೆಳೆಸಿತು. ಕಾಸರಗೋಡು ಜಿಲ್ಲೆಯೊಂದರಲ್ಲಿಯೇ ಈ ತೋಟಗಳು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿವೆ. ಗೇರಿನ ಚಿಗುರನ್ನು ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದಕ್ಕಾಗಿ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ, ಎಂದರೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ಕಾರ್ಯವು ನಡೆಯಿತು. ಆ ಸೀಮೆಯನ್ನು ಕಾಣದ ವಾಚಕರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಅಲ್ಲಿ ಗುಡ್ಡದ ತಲೆಯ ಮೇಲೆ ತೋಟ, ಕೆಳಗಿನ ಕಣಿವೆಯಲ್ಲಿ ಮನೆ, ಅಡಿಕೆ, ಗದ್ದೆ. ಕುಡಿಯುವ ನೀರು ಬರುವುದು ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ಮಾಡಿದ ಸುರಂಗಗಳಿಂದ. ಸುರಂಗದಿಂದ ಒಸರುವ ನೀರು ತೆರೆದ ಕೆರೆಗೆ ಬಂದು ಬೀಳುತ್ತದೆ. ಅದೇ ಮನೆಗೂ ತೋಟಕ್ಕೂ ದನಕರುಗಳಿಗೂ ಆಧಾರ. ಇಂಥ ನೆಲದಲ್ಲಿ ಗುಡ್ಡದ ತಲೆಗೆ ಸುರಿದುದು ಮಳೆ ಬಂದೊಡನೆ ಎಲ್ಲಿಗೆ ಇಳಿಯುವುದೆಂಬುದನ್ನು ತಿಳಿಯಲು ವಿಜ್ಞಾನಿಯೇ ಆಗಬೇಕಾಗಿಲ್ಲ. ಊರಿನ ಶಾಲೆಯ ನಾಲ್ಕನೆಯ ತರಗತಿಯ ಹುಡುಗನೂ ಹೇಳಬಲ್ಲನು.

ಊರವರಿಗೆ ಮೊದಲು ಎಚ್ಚರಿಕೆ ಕೊಟ್ಟವು ಮೂಕ ಪ್ರಾಣಿಗಳು. ವಿಕಲವಾಗಿ ಹುಟ್ಟಿದ ಕರುಗಳನ್ನು ಕುರಿತು ಅದೇ ಊರಿನ ಪತ್ರಕರ್ತರಾದ ಶ್ರೀಪಡ್ರೆಯವರು 1979ರ ಹೊತ್ತಿಗೇ ಬರೆದರು, ಯಾರೂ ಲಕ್ಷಿಸಲಿಲ್ಲ. ತರುವಾಯ ಅಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಮಾನಸಿಕ ಅಸ್ವಾಸ್ಥ್ಯ, ಅಪಸ್ಮಾರ, ಅಂಗವೈಕಲ್ಯ, ಅರ್ಬುದ ಮೊದಲಾದವು ಸಣ್ಣ ಹಳ್ಳಿಗೆ ಸಲ್ಲದಷ್ಟು ಹೆಚ್ಚಾಗಿರುವುದನ್ನು ಕಂಡು ವೈದ್ಯರ ಪತ್ರಿಕೆಗೆ ಬರೆದು ಕಾರಣವೇನೆಂದು ಕೇಳಿದರು. ದಕ್ಷಿಣಕ್ಕಿರುವ ಪೆರಿಯದಲ್ಲಿ, ಕೃಷಿ ಇಲಾಖೆಯಲ್ಲಿಯೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ 1998ರಲ್ಲಿ ಮುನಸೀಫ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆಯನ್ನು ತಂದರು. ಸರಕಾರದ ಸಂಬಳವನ್ನು ಉಣ್ಣುತ್ತ ಸರಕಾರದ ಕಾರ್ಪೊರೇಶನ್ನಿನ ಮೇಲೆಯೇ ಫಿರ್ಯಾದಿಗೆ ನಿಲ್ಲಲು ಎಷ್ಟು ಎದೆಗಾರಿಕೆ ಬೇಕೆಂಬುದನ್ನು ಕೋರ್ಟುಕಚೇರಿಗಳ ಬಳಕೆಯುಳ್ಳ ನಾವು ಬಲ್ಲೆವು. ಇಷ್ಟೆಲ್ಲ ಆದ ಬಳಿಕ 2000ದ ಡಿಸೆಂಬರಿನಲ್ಲಿ ಹೆಲಿಕಾಪ್ಟರು ಕೊನೆಯ ಬಾರಿ ಹಾರಿತು.

ಇಲ್ಲಿಂದ ಮುಂದೆ ವರದಿಗಳ ಕಾಲವು ಪ್ರಾರಂಭವಾಯಿತು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಜನರ ರಕ್ತಗಳನ್ನು ಪರೀಕ್ಷಿಸಿ ವಿಷವಿದೆಯೆಂದಿತು. ಅದೇ ವರ್ಷ ಕಾರ್ಪೊರೇಶನ್ನು ಹೇಳಿ ಮಾಡಿಸಿದ ಪರೀಕ್ಷೆಯು ಅದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ ನೋಡಿ, ಪಡ್ರೆಯ ಮಕ್ಕಳಲ್ಲಿ ಬುದ್ಧಿಯ, ನರಗಳ ಹಾಗೂ ಹುಟ್ಟಿನಿಂದ ಬಂದ ದೋಷಗಳು ಹೆಚ್ಚಾಗಿರುವುದನ್ನು 2002ರಲ್ಲಿ ವರದಿ ಮಾಡಿದರು. ಕೇಂದ್ರ ಸರಕಾರವು ನೇಮಿಸಿದ ದುಬೆ ಸಮಿತಿಯು 2003ರಲ್ಲಿ ರೋಗಕ್ಕೂ ವಿಷಕ್ಕೂ ಸಂಬಂಧವು ಸಿದ್ಧವಾಗಿಲ್ಲವೆಂದಿತು. ಒಂದು ಪಕ್ಷದವರು ಒಂದನ್ನು ಎತ್ತಿ ಹಿಡಿದರೆ ಇನ್ನೊಂದು ಪಕ್ಷದವರು ಇನ್ನೊಂದನ್ನು ಎತ್ತಿ ಹಿಡಿಯುತ್ತಾರೆ. ಈ ನಡುವೆ ತಾಯಂದಿರು ಮೂವತ್ತು ವರ್ಷದ ಮಗನನ್ನು ಮೂರು ವರ್ಷದ ಕೂಸಿನಂತೆ ಎತ್ತಿ ಉಣಿಸುತ್ತಲೇ ಇದ್ದಾರೆ.

ನಮ್ಮ ಅಭಿಪ್ರಾಯದಲ್ಲಿ, ಹೊಣೆಯನ್ನು ನಿರ್ಣಯಿಸಲು ಈ ವರದಿಗಳ ಜಗಳವು ತೀರುವುದನ್ನು ಕಾಯಬೇಕಾದ ಅವಶ್ಯಕತೆಯೇ ಇಲ್ಲ. ಯಾವ ರೋಗವು ಯಾವ ವಿಷದಿಂದ ಎಷ್ಟು ಪಾಲು ಬಂದಿತೆಂಬುದು ವೈದ್ಯರ ಪ್ರಶ್ನೆ. ಕಂಪೆನಿಯು ತಾನು ಮಾಡತಕ್ಕದ್ದನ್ನು ಮಾಡಿತೇ ಎಂಬುದು ನ್ಯಾಯದ ಪ್ರಶ್ನೆ. ಅದಕ್ಕೆ ರಕ್ತಪರೀಕ್ಷೆ ಬೇಡ. ಆಕಾಶದಿಂದ ವಿಷವನ್ನು ಸಿಂಪಡಿಸುವುದಕ್ಕೆ ನಿಯಮಗಳಿದ್ದವು: ಊರವರಿಗೆ ಮುಂಚಿತವಾಗಿ ತಿಳಿಸಬೇಕು, ಕುಡಿಯುವ ನೀರಿನ ನೆಲೆಗಳನ್ನು ಮುಚ್ಚಬೇಕು, ಗಿಡಗಳ ತುದಿಯಿಂದ ಹೆಚ್ಚು ಎತ್ತರದಲ್ಲಿ ಹಾರಬಾರದು. ಏರುತಗ್ಗುಗಳ ಆ ಗುಡ್ಡಗಾಡಿನಲ್ಲಿ ಗಿಡದ ತುದಿಗೆ ಸಮೀಪವಾಗಿ ಹಾರುವುದು ಹೇಗೆ? ನೂರಾರು ಸುರಂಗಗಳ ಬಾಯನ್ನೂ, ತೆರೆದ ಕೆರೆಗಳನ್ನೂ, ಹರಿಯುವ ತೋಡುಗಳನ್ನೂ ಮುಚ್ಚುವುದು ಹೇಗೆ? ಪಾಲಿಸಲು ಬಾರದ ನಿಯಮವಿರುವಲ್ಲಿ ಆ ಕೆಲಸವನ್ನು ಮಾಡದಿರುವುದೇ ನಿಯಮಪಾಲನೆ. ಕೀಟನಾಶಕದ ಪೊಟ್ಟಣದೊಳಗೆ ಪ್ರಾದೇಶಿಕ ಭಾಷೆಯ ಕರಪತ್ರವೂ ಇರಬೇಕೆಂದು ಕಾನೂನು ಹೇಳುತ್ತದೆ. ಒಳ್ಳೆಯದೇ. ಆದರೆ ಪೊಟ್ಟಣವು ಹೋಗುವುದು ಕಾರ್ಪೊರೇಶನ್ನಿನ ಉಗ್ರಾಣಕ್ಕೆ. ವಿಷವು ಹೋಗುವುದು ಪೊಟ್ಟಣವನ್ನೆಂದೂ ಕಾಣದವರ ಅಂಗಳಕ್ಕೆ.

ಕಾನೂನಿನ ಸ್ಥಿತಿಯನ್ನು ಸ್ವಲ್ಪ ವಿವರಿಸುವುದು ಉಚಿತ. ತನ್ನ ನೆಲದಲ್ಲಿ ಅಪಾಯಕರ ವಸ್ತುವನ್ನು ತಂದಿಟ್ಟವನು ಅದು ಹೊರಗೆ ನುಗ್ಗಿ ನೆರೆಯವನಿಗೆ ಹಾನಿ ಮಾಡಿದರೆ ಉತ್ತರವಾದಿಯೆಂದು ಇಂಗ್ಲೆಂಡಿನ ಪ್ರಭುಸಭೆಯು 1868ರಲ್ಲಿ, ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಎಂಬವರ ವ್ಯಾಜ್ಯದಲ್ಲಿ ತೀರ್ಪಿತ್ತಿತು. ಅದಕ್ಕೆ ಕಾಲಕ್ರಮದಲ್ಲಿ ಹಲವು ಅಪವಾದಗಳು ಅಂಟಿಕೊಂಡವು: ದೈವಾಧೀನ, ಮೂರನೆಯವನ ಕೃತ್ಯ, ಶಾಸನದ ಅನುಮತಿ ಇತ್ಯಾದಿ. 1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ವಿಷವಾಯು ಸೋರಿ ಸಾವಿರಾರು ಜನ ಸತ್ತರು. ಅದೂ ಕೀಟನಾಶಕದ ಕಾರಖಾನೆಯೇ ಎಂಬುದನ್ನು ಮರೆಯಬಾರದು. ಒಂದು ವರ್ಷದ ಬಳಿಕ ದಿಲ್ಲಿಯ ಶ್ರೀರಾಮ ಕಾರಖಾನೆಯಿಂದ ಓಲಿಯಂ ಅನಿಲವು ಸೋರಿತು. ಆ ಪ್ರಕರಣದಲ್ಲಿ ಮುಖ್ಯ ನ್ಯಾಯಾಧೀಶ ಪಿ. ಎನ್. ಭಗವತಿಯವರ ಪೀಠವು 1986ರ ಡಿಸೆಂಬರಿನಲ್ಲಿ ಹಳೆಯ ಅಪವಾದಗಳನ್ನೆಲ್ಲ ಕಿತ್ತುಹಾಕಿ, ಅಪಾಯಕರ ಉದ್ಯಮದ ಹೊಣೆಯು ನಿರಪವಾದವಾದದ್ದು, ಅದನ್ನು ಬೇರೊಬ್ಬರ ಮೇಲೆ ಹೊರಿಸಲು ಬಾರದು, ಉದ್ಯಮವು ದೊಡ್ಡದಾದಷ್ಟೂ ಪರಿಹಾರವು ದೊಡ್ಡದಾಗತಕ್ಕದ್ದು ಎಂದು ಸಾರಿತು. 1996ರಲ್ಲಿ ವೆಲ್ಲೂರಿನ ಚರ್ಮ ಹದ ಮಾಡುವ ಕಾರಖಾನೆಗಳ ವ್ಯಾಜ್ಯದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ತನ್ನ ಕೆಲಸವು ಪರಿಸರಕ್ಕೆ ನಿರಪಾಯಕರವೆಂದು ಸಾಧಿಸುವ ಭಾರವು ಉದ್ಯಮಿಯದೇ ಎಂದಿತು. ತೀರ್ಪು ಹೀಗಿದ್ದರೂ ಪಡ್ರೆಯ ತಾಯಿಯನ್ನೇ ಇಂದಿಗೂ ಪುರಾವೆ ಕೇಳುವವರಿದ್ದಾರೆ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯಿದೆಯಾದರೂ ಇಂಥವರ ನೆರವಿಗೆ ಬರುವುದಿಲ್ಲ. ಅದು ಅಪಘಾತಕ್ಕಾಗಿ ಮಾಡಿದ ಕಾಯಿದೆ. ವರ್ಷವರ್ಷವೂ ತಿಳಿದು ತಿಳಿದು ಸುರಿದುದನ್ನು ಅಪಘಾತವೆನ್ನುವುದೆಂತು?

ಹೊಣೆಯು ಜಾರಿಹೋದುದಕ್ಕೆ ಇನ್ನೊಂದು ಕಾರಣವುಂಟು. ಇಲ್ಲಿ ಸಿಂಪಡಿಸಿದ ಕಾರ್ಪೊರೇಶನ್ನು ಒಂದು ಸರಕಾರದ್ದು. ವಿಷಕ್ಕೆ ಪರವಾನಗಿಯಿತ್ತುದು ಇನ್ನೊಂದು ಸರಕಾರ. ಆ ಸರಕಾರದ ಸ್ವಾಮ್ಯದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕಂಪೆನಿಯು ವಿಷದ ತಯಾರಕರಲ್ಲೊಂದು. ತಯಾರಿಸುವವನೂ ಪರೀಕ್ಷಿಸುವವನೂ ಒಂದೇ ಮನೆಯವರಾದರೆ ತಪ್ಪನ್ನು ಹಿಡಿಯುವವರು ಯಾರು? 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ವರ್ಜಿಸಲು ನಿಶ್ಚಯಿಸಿದುವು. ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ನಿಷೇಧಿಸಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯವು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಐದು ವರ್ಷಗಳು ಕಳೆದು 2022ರ ಮೇ ತಿಂಗಳಿನಲ್ಲಿ ಲೆಕ್ಕ ನೋಡಿದಾಗ 3704 ಮಂದಿಯಲ್ಲಿ ಹಣವು ಮುಟ್ಟಿದ್ದುದು ಎಂಟು ಮಂದಿಗೆ! ಆ ಎಂಟು ಮಂದಿಯೂ ನ್ಯಾಯಾಲಯದ ಬಾಗಿಲನ್ನು ಮತ್ತೆ ತಟ್ಟಿದವರು. ಛೀಮಾರಿಯಾದ ಮೇಲೆ ಉಳಿದವರಿಗೂ ಹಣವನ್ನು ಹಂಚುವ ಕೆಲಸವು ಚುರುಕಾಯಿತು. ಆ ಹಣವಾದರೂ ತೆರಿಗೆದಾರನ ಬೊಕ್ಕಸದಿಂದ ಬಂದುದು; ವಿಷವನ್ನು ಮಾರಿ ಲಾಭ ತಿಂದವರ ಪೆಟ್ಟಿಗೆಯಿಂದ ಬಂದುದಲ್ಲ.

ಇದನ್ನೆಲ್ಲ ಓದಿ, ಕನ್ನಡಿಗರು ನೆರೆನಾಡಿನವರ ಪಾಲಾದುದರಿಂದಲೇ ಈ ಗತಿ ಬಂದಿತೆಂದು ಹೇಳಲು ನಮ್ಮಲ್ಲಿ ಕೆಲವರ ನಾಲಗೆ ತುರಿಸೀತು. ಕಾಸರಗೋಡು ನಮ್ಮದೆಂಬುದರಲ್ಲಿ ನಮಗೆ ಸಂಶಯವಿಲ್ಲ. 1956ರ ನವಂಬರ ಒಂದರಂದು ಅದು ಕೇರಳಕ್ಕೆ ಹೋದುದೂ, ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದುದೂ, ಅದು ಕಾಗದದಲ್ಲಿಯೇ ಉಳಿದುದೂ ವಾಚಕರಿಗೆ ತಿಳಿದ ವಿಷಯ. ಪಡ್ರೆಯು ಆ ಉತ್ತರದ ಭಾಗದಲ್ಲಿಯೇ ಇದೆ. ಆದರೆ ಗಡಿಯ ಈಚೆಗೆ ಬಂದು ನೋಡೋಣ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಅದೇ ವಿಷವನ್ನು ಅದೇ ರೀತಿಯಲ್ಲಿ ಆಕಾಶದಿಂದ ಸುರಿಸಿದುದು ನಮ್ಮದೇ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಅಲ್ಲಿ ಹುಟ್ಟಿದ ಮಕ್ಕಳ ಅವಸ್ಥೆಯೂ ಅದೇ. ಕನ್ನಡದ ಸರಕಾರವೆಂದು ವಿಷವು ಸೌಮ್ಯವಾಗಲಿಲ್ಲ. ಗಡಿಯು ಮಾಡಿದ ಭೇದವೆಂದರೆ ಒಂದೇ: ಆಚೆಯವರಿಗೆ ಇಡುಗಂಟಿನ ಆಜ್ಞೆ, ಈಚೆಯವರಿಗೆ ತಿಂಗಳ ಮಾಸಾಶನ. ಒಂದೇ ವಿಷಕ್ಕೆ, ಒಂದೇ ಭಾಷೆಯನ್ನಾಡುವ ಒಂದೇ ಬಗೆಯ ನೋವಿಗೆ ಎರಡು ತಕ್ಕಡಿ. ಏಕೀಕರಣವನ್ನು ಬಾಯಲ್ಲಿ ಜಪಿಸುವ ನಮ್ಮ ಧುರೀಣರು ಈ ಎರಡು ಲೆಕ್ಕಗಳನ್ನಾದರೂ ಒಂದುಗೂಡಿಸಲು ಬೆಂಗಳೂರು ತಿರುವನಂತಪುರಗಳನ್ನು ಒಂದು ಮೇಜಿಗೆ ತರಬಾರದೇಕೆ?

ವಿಷವಿಲ್ಲದೆ ಗೇರು ಬೆಳೆಯುವುದಿಲ್ಲ, ಕೂಲಿಕಾರರು ಕೆಲಸವಿಲ್ಲದೆ ಕೆಡುವರು, ವಿದೇಶೀ ವಿನಿಮಯವು ತಪ್ಪುವುದು ಎಂಬ ಸಮಾಧಾನವನ್ನು ಹೇಳುವವರುಂಟು. ಈ ಮಾತನ್ನು ನಾವು ಹಾಸ್ಯ ಮಾಡುವುದಿಲ್ಲ. ಕೂಲಿಯ ಚಿಂತೆಯು ಸಣ್ಣದಲ್ಲ. ಆದರೆ ವಿಷವನ್ನು ಕಲಸಿದವರೂ ಆ ಕೂಲಿಕಾರರೇ ಅಲ್ಲವೆ? ನಾವು ಈ ಸಾಲುಗಳನ್ನು ಬರೆಯುತ್ತಿರುವ ಆರ್.ಟಿ. ನಗರದಿಂದ ಬಳ್ಳಾರಿ ರಸ್ತೆಗೆ ಬಂದು ಹೆಬ್ಬಾಳದ ಕಡೆಗೆ ಹೊರಟರೆ, ಕೀಟಗಳನ್ನು ಅವುಗಳ ಸ್ವಾಭಾವಿಕ ಶತ್ರುಗಳಿಂದಲೇ ಹತೋಟಿಯಲ್ಲಿಡುವ ಮಾರ್ಗವನ್ನು ಶೋಧಿಸುವ ಕೇಂದ್ರ ಸರಕಾರದ ಸಂಸ್ಥೆಯೊಂದು ಕಾಣುತ್ತದೆ. ಜೈವಿಕ ನಿಯಂತ್ರಣದ ಯೋಜನಾ ನಿರ್ದೇಶನಾಲಯವೆಂಬ ಹೆಸರಿನಿಂದ ಅದು 1993ರಲ್ಲಿ ಸ್ಥಾಪಿತವಾಯಿತು. ಪಡ್ರೆಯ ಮೇಲೆ ಹೆಲಿಕಾಪ್ಟರು ಆಮೇಲೆಯೂ ಏಳು ವರ್ಷ ಹಾರಿತು. ವಿದ್ಯೆಯು ಹೆಬ್ಬಾಳದಲ್ಲಿ, ವಿಷವು ಎಣ್ಮಕಜೆಯಲ್ಲಿ!

ಪರಿಹಾರದಿಂದ ಈ ಪ್ರಕರಣವು ಮುಗಿಯಿತೆಂದು ಭಾವಿಸುವವರಿಗೆ ಒಂದು ಸಂಗತಿಯನ್ನು ಜ್ಞಾಪಿಸಬೇಕಾಗಿದೆ. ಸಿಂಪಡಣೆ ನಿಂತಾಗ ಮಿಕ್ಕ ವಿಷವು ಕಾರ್ಪೊರೇಶನ್ನಿನ ಉಗ್ರಾಣಗಳಲ್ಲಿಯೇ ಉಳಿಯಿತು. ಹಳೆಯ ಪೀಪಾಯಿಗಳು ತುಕ್ಕು ಹಿಡಿದುದರಿಂದ ಅದನ್ನು ಹೊಸ ಪೀಪಾಯಿಗಳಿಗೆ ತುಂಬುವ ಕೆಲಸವು ನಡೆದುದು 2012ರಲ್ಲಿ, ಎಂದರೆ ಹನ್ನೆರಡು ವರ್ಷಗಳ ತರುವಾಯ. ಇಷ್ಟು ವರ್ಷ ಅದರ ಪಕ್ಕದಲ್ಲಿ ಬಾಳಿದವರಿಗೆ ಕೇಳುವ ಹಕ್ಕಿದೆ. ವರ್ಷಕ್ಕೆ ಎಷ್ಟು ವಿಷವನ್ನು ಕೊಂಡರು, ಯಾರಿಂದ ಕೊಂಡರು, ಯಾವ ಗುಡ್ಡಕ್ಕೆ ಎಷ್ಟನ್ನು ಸುರಿದರು, ಮಿಕ್ಕುದೆಲ್ಲಿ ಎಂಬ ಲೆಕ್ಕವನ್ನು ಎರಡು ನಿಗಮಗಳೂ ಸಹಿ ಮಾಡಿ ಹೊರಗಿಡಬೇಕು. ಮಾರಿದವರಿಂದ ಪರಿಹಾರದ ಹಣವನ್ನು ವಸೂಲು ಮಾಡುವ ದಾವೆಗೆ ಆ ಲೆಕ್ಕವೇ ಮೊದಲನೆಯ ದಾಖಲೆಯಾಗತಕ್ಕದ್ದು. ಅದರ ಒಂದೊಂದು ಪ್ರತಿಯನ್ನು ಎಣ್ಮಕಜೆಯ ಪಂಚಾಯತಿ ಕಚೇರಿಯ ಗೋಡೆಗೂ ಕೊಕ್ಕಡದ ಪಂಚಾಯತಿ ಕಚೇರಿಯ ಗೋಡೆಗೂ, ಓದುಬಲ್ಲ ಯಾರೊಬ್ಬರಾದರೂ ನಿಂತು ಓದುವಂತೆ, ಕನ್ನಡದಲ್ಲಿ ಅಂಟಿಸಬೇಕೆಂದು ನಾವು ಎರಡು ಸರಕಾರಗಳನ್ನೂ ಕೇಳುತ್ತೇವೆ.