ತುರ್ತು ಚಿಕಿತ್ಸೆಯ ಬಾಗಿಲು ಮುಚ್ಚುವ ಮೊದಲು

ರತ್ನಗಂಬಳಿಯ ನೇಯ್ಗೆಗೆ ಹೆಸರಾದ ಕಿಡರ್‌ಮಿನ್‌ಸ್ಟರ್ ಇಂಗ್ಲೆಂಡಿನ ಒಂದು ಸಾಧಾರಣ ಊರು. 2000ರಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ಮುಚ್ಚಲಾಯಿತು. ಪ್ರಾಣಾಪಾಯದಲ್ಲಿರುವ ರೋಗಿಗಳು ಸುಮಾರು 25 ಕಿ.ಮೀ. ದೂರದ ವೂಸ್ಟರ್‌ಗೋ ಬೇರೆ ಊರಿಗೋ ಹೋಗಬೇಕಾಯಿತು. ಜನ ಸುಮ್ಮನಿರಲಿಲ್ಲ. ಅದೇ ಆಸ್ಪತ್ರೆಯಿಂದ ನಿವೃತ್ತರಾಗಿದ್ದ ವೈದ್ಯ ರಿಚರ್ಡ್ ಟೇಲರ್ ಅವರನ್ನು 2001ರ ಚುನಾವಣೆಯಲ್ಲಿ 17,630 ಮತಗಳ ಅಂತರದಿಂದ ಗೆಲ್ಲಿಸಿ ಸಂಸತ್ತಿಗೆ ಕಳಿಸಿದರು. 2005ರಲ್ಲಿಯೂ ಗೆಲ್ಲಿಸಿದರು. ಆದರೂ ಮುಚ್ಚಿದ ವಿಭಾಗ ಮತ್ತೆ ತೆರೆಯಲಿಲ್ಲ; ಸಣ್ಣಪುಟ್ಟ ಗಾಯಗಳ ಘಟಕವಷ್ಟೇ ಉಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಹಾಗೆಂದು ಮುಚ್ಚಿದವರ ವಾದವನ್ನು ತಳ್ಳಿಹಾಕುವಂತಿಲ್ಲ. ತಜ್ಞರು, ಯಂತ್ರಗಳು ಒಂದೆಡೆ ಇದ್ದರೆ ಕೆಲವು ರೋಗಗಳಿಗೆ ನಿಜಕ್ಕೂ ಒಳ್ಳೆಯದು. 2010ರಲ್ಲಿ ಲಂಡನ್ನಿನಲ್ಲಿ ಪಾರ್ಶ್ವವಾಯು ರೋಗಿಗಳ ತುರ್ತು ಚಿಕಿತ್ಸೆಯನ್ನು ಎಂಟು ಆಸ್ಪತ್ರೆಗಳಿಗೆ ಸೀಮಿತಗೊಳಿಸಿದ ಮೇಲೆ ಸಾವು ಕಡಿಮೆಯಾಯಿತು. ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಇಂಗ್ಲೆಂಡಿನಲ್ಲೇ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಾಣಾಪಾಯದ ಸ್ಥಿತಿಯಲ್ಲಿ ಆಂಬುಲೆನ್ಸ್ ಏರಿದವರಲ್ಲಿ, ಆಸ್ಪತ್ರೆ 10 ಕಿ.ಮೀ. ದೂರವಾದಂತೆಲ್ಲ ನೂರಕ್ಕೆ ಸುಮಾರು ಒಂದು ಸಾವು ಹೆಚ್ಚುತ್ತದೆ.

ನನ್ನ ಅಭಿಪ್ರಾಯ ಇಷ್ಟೆ: ದೊಡ್ಡ ಶಸ್ತ್ರಚಿಕಿತ್ಸೆ ದೂರವಿರಬಹುದು, ಮೊದಲ ಉಪಚಾರ ದೂರವಿರಕೂಡದು. ಉಸಿರು ನಿಂತರೆ ಮೆದುಳು ಕೆಲವೇ ನಿಮಿಷ ತಾಳುತ್ತದೆ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವ ಒಂದೆರಡು ಗಂಟೆಗಳಲ್ಲೇ ತಾಯಿಯ ಜೀವ ತೆಗೆಯಬಲ್ಲದು. ನಾಗರಹಾವು, ಕಟ್ಟುಹಾವು ಕಚ್ಚಿದವರ ಉಸಿರಾಟದ ಸ್ನಾಯುಗಳು ದಾರಿಯಲ್ಲೇ ಸೋಲಬಹುದು. ಇಂಥವರಿಗೆ ಆಮ್ಲಜನಕ, ರಕ್ತ ನಿಲ್ಲಿಸುವ ಔಷಧಿ, ಹಾವಿನ ವಿಷಕ್ಕೆ ಪ್ರತಿವಿಷ ಹತ್ತಿರದಲ್ಲೇ ಸಿಗಬೇಕು. ಸ್ಥಿತಿ ಸ್ವಲ್ಪ ಹತೋಟಿಗೆ ಬಂದ ಮೇಲಷ್ಟೇ ದೊಡ್ಡ ಆಸ್ಪತ್ರೆಯ ಪ್ರಯಾಣ.

ಇದು ಪರದೇಶದ ಕಥೆ ಮಾತ್ರವಲ್ಲ. ಅಲ್ಲಿ ಇದ್ದುದು ಹೋಯಿತು. ನಮ್ಮ ಎಷ್ಟೋ ಕಡೆ ಇನ್ನೂ ಬಂದೇ ಇಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿಯ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಸತ್ತರು. ಜಿಲ್ಲೆಯಲ್ಲೇ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದವರ ಹಳೆಯ ಬೇಡಿಕೆ ಆಗ ಮತ್ತೆ ಭುಗಿಲೆದ್ದಿತು. ಇಂಥ ಹೋರಾಟವನ್ನು ತಿಳಿವಳಿಕೆಯಿಲ್ಲದವರ ಗದ್ದಲವೆಂದು ಅಧಿಕಾರಿಗಳಾಗಲಿ ನಾವು ವೈದ್ಯರಾಗಲಿ ಭಾವಿಸುವುದು ತಪ್ಪು.

ಓದುಗರಿಗೆ ಒಂದು ಸಲಹೆ. ಬರಿಯ ಕಟ್ಟಡ ಕೇಳಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ವೈದ್ಯರು ಇರುತ್ತಾರೆಯೇ, ಪ್ರತಿವಿಷದ ದಾಸ್ತಾನು ಇದೆಯೇ, ರಕ್ತ ಎಲ್ಲಿಂದ ಬರುತ್ತದೆ, 108 ಆಂಬುಲೆನ್ಸ್ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ವಿಚಾರಿಸಿ. ಯಾವುದೇ ವಿಭಾಗವನ್ನು ಮುಚ್ಚುವ ಮಾತು ಬಂದರೆ, ಬದಲಿ ವ್ಯವಸ್ಥೆ ಮೊದಲು ನಡೆದು ತೋರಿಸಲಿ, ಬೀಗ ಆಮೇಲೆ ಬೀಳಲಿ ಎಂದು ಪಟ್ಟು ಹಿಡಿಯಿರಿ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಕೇಳಬೇಕಾದ ಪ್ರಶ್ನೆಗಳಿವು.