ಕರೆಂಟ್ ಒಲೆ ತರುವ ಮುನ್ನ

ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆ ನಮ್ಮದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಸಾಗರ, ಹೊಸನಗರ ಭಾಗದ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದಿದ್ದವು. ಅವರಲ್ಲಿ ಎಷ್ಟೋ ಮಂದಿ ಮುಂದೆ ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ದಿನ ಕಳೆದರು. ಈಗ ಜಗಲಿಗೆ ಟಿ.ವಿ., ತೋಟಕ್ಕೆ ಪಂಪ್‌ಸೆಟ್ ಬಂದಿದೆ. ಅಡುಗೆಮನೆಗೆ? ಅಲ್ಲಿ ಇವತ್ತಿಗೂ ಒಂದೋ ಹೊಗೆ, ಇಲ್ಲವೇ ಸಿಲಿಂಡರ್ ಯಾವಾಗ ಮುಗಿಯುತ್ತೋ ಅನ್ನೋ ಆತಂಕ.

"ಹೇಗೂ ಗೃಹಜ್ಯೋತಿ ಇದೆಯಲ್ಲ, ಇಂಡಕ್ಷನ್ ಒಲೆ ತಗೊಂಡ್ರೆ ಅಡುಗೆ ಪುಕ್ಕಟೆ" ಅಂತ ಹಲವರ ಲೆಕ್ಕ. ಸ್ವಲ್ಪ ತಾಳಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022-23ರ ನಿಮ್ಮ ತಿಂಗಳ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟೇ ಉಚಿತ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾವಾರು ಬದಲು 10 ಯೂನಿಟ್ ಸೇರಿಸುವುದು ಅಂತ 2024ರಲ್ಲಿ ಬದಲಾಯಿತು. ಅಂದರೆ 40 ಯೂನಿಟ್ ಬಳಸುತ್ತಿದ್ದ ಮನೆಗೆ 50 ಉಚಿತ. 1500 ವಾಟ್‌ನ ಒಲೆ ದಿನಕ್ಕೊಂದು ಗಂಟೆ ಪೂರ್ತಿ ಕಾದರೆ ತಿಂಗಳಿಗೆ 45 ಯೂನಿಟ್! ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಹಾಗಂತ ಒಲೆ ಬೇಡ ಅಂತಲ್ಲ. ಹಳೇ ಬಿಲ್ ತೆಗೆದು, ಉಳಿಯುವ ಸಿಲಿಂಡರ್ ಹಣದ ಜೊತೆ ಹೋಲಿಸಿ ನೋಡಿ.

ಒಲೆಗಿಂತ ಮೊದಲು ವೈರಿಂಗ್ ಸರಿಯಾಗಲಿ. ಎರಡು ಬಲ್ಬಿಗೆಂದು ಎಳೆದ ಹಳೇ ವೈರು ಈ ಭಾರ ತಾಳದು. 16 ಆಂಪಿಯರ್ ಪ್ಲಗ್, ಸರಿಯಾದ ಅರ್ತಿಂಗ್, ಕರೆಂಟ್ ಸೋರಿದ ಕೂಡಲೇ ಕಡಿಯುವ ಬ್ರೇಕರ್ ಮೂರೂ ಬೇಕು. ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆಗೆ ಗೋಡೆಯೇ ಬೆವರುತ್ತದೆ; ಇಲ್ಲಿ ಅಲಕ್ಷ್ಯ ಮಾಡಿದರೆ ಜೀವಕ್ಕೇ ಅಪಾಯ.

ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಇಂಡಕ್ಷನ್‌ಗೆ ಆಗುತ್ತದೆ. ತಳ ಸಮವಿದ್ದ ಕಬ್ಬಿಣದ ಕಾವಲಿ ಸೈ. ಬರೀ ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಆಗದು.

ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ. ಆದ್ದರಿಂದ ಇನ್ನೊಂದು ಒಲೆ ಇರಲೇಬೇಕು. ನಾಲ್ಕೈದು ದನಗಳಿದ್ದರೆ ಗೋಬರ್ ಗ್ಯಾಸ್ ಯೋಚಿಸಿ. ಬ್ಯಾಣಕ್ಕೆ ಬಿಡುವ ಮಲೆನಾಡು ಗಿಡ್ಡಗಳಾದರೆ ಇನ್ನೂ ಕೆಲವು ಬೇಕು. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ, ಹಾಳೆ ಇದ್ದವರು ಗೀಸರ್‌ಗೆ ಅವಸರಪಡಬೇಡಿ. ಹೊಗೆಕೊಳವೆ ಸರಿಮಾಡಿಸಿದರೆ ಸಾಕು.

ಪಂಪ್‌ಸೆಟ್‌ಗೆ ನಾಲ್ಕು ಜನರನ್ನು ಕೇಳಿ ಖರ್ಚು ಮಾಡುವ ಮನೆಯವರು ಅಡುಗೆಮನೆ ಅಂದ ಕೂಡಲೇ "ಬರೋ ವರ್ಷ ನೋಡೋಣ" ಅಂತಾರೆ. ಅಡಿಕೆ ದುಡ್ಡು ಕೈಗೆ ಬಂದಾಗ ಇರಲಿ, ಸ್ವಸಹಾಯ ಸಂಘದಿಂದ ಸಾಲ ತೆಗೆಯುವಾಗ ಇರಲಿ, ಮೊದಲ ಬಾಬ್ತು ಅಡುಗೆಮನೆಯ ವೈರಿಂಗ್ ಅಂತ ಬಾಯಿಬಿಟ್ಟು ಹೇಳಿ. ದಿನಾ ಹೊಗೆ ಕುಡಿಯುವವರು ನೀವು ತಾನೇ?